ಬೈಕನ್ನು ಮಲಗಿಸುವ ದಿನ

ಸರೋವರದ ಅಂಚಿನಲ್ಲಿ ಮೊದಲ ಮಂಜುಗಡ್ಡೆ ಕಟ್ಟಿದ ದಿನ ಟೈಸ್ಟೊ ಹೆಂಡತಿ ಹೆಲ್ವಿಯನ್ನು ಹೊರಡಿಸಿಕೊಂಡು ಗ್ಯಾರೇಜಿಗೆ ಬಂದ. ಬೇರೆ ವರ್ಷಗಳಲ್ಲಾದರೆ ಇಷ್ಟು ಹೊತ್ತಿಗೆ ಅವನೇ ಬೈಕನ್ನು ಚಳಿಗಾಲವಿಡೀ ನಿಲ್ಲಿಸಿಡಲು ಅಣಿಮಾಡಿ ಹೊದಿಕೆ ಹಾಕಿರುತ್ತಿದ್ದ. ಈ ಸಲ ಅವನು ಗಾಲಿಕುರ್ಚಿಯಲ್ಲಿದ್ದ. ಬೆರಳುಗಳಲ್ಲಿ ಶುರುವಾದ ನರದ ಕಾಯಿಲೆ ಭುಜಕ್ಕೂ ಕಾಲಿಗೂ ಹಬ್ಬಿತ್ತು. ಇದಕ್ಕೆ ಮದ್ದಿಲ್ಲವೆಂದು ವೈದ್ಯೆ ಸುತ್ತಿಬಳಸದೆ ಹೇಳಿದ್ದಳು.

ಹೆಲ್ವಿ ಸ್ಪ್ಯಾನರ್ ಹಿಡಿದವಳೇ ಅಲ್ಲ.

"ಮಾರಿಬಿಡೋಣ ಅಂದ್ರೆ ಕೇಳಲ್ಲ ನೀನು. ಪಕ್ಕದ್ಮನೆ ಕಾಲೆರ್ವೊ ನಾಳೆನೇ ತಗೊಂಡ್ಹೋಗ್ತಾನೆ."

"ಅವನು ಬೈಕ್ ಮೇಲೆ ಕೂರೋದು ನೋಡಿದ್ದೀಯಾ? ಹಸು ಮೇಲೆ ಕೂತಂಗೆ! ಎಂಜಿನ್ ಸ್ವಲ್ಪ ಬಿಸಿ ಮಾಡು. ಬಿಸಿ ಇದ್ರೇನೇ ಹಳೇ ಆಯಿಲ್ ಪೂರ್ತಿ ಇಳಿಯೋದು."

ಅವನು ಹೇಳಿದಂತೆ ಅವಳು ಮಾಡಿದಳು. ಕಪ್ಪು ಆಯಿಲ್ ಅರ್ಧ ತಟ್ಟೆಗೆ, ಅರ್ಧ ಅವಳ ತೋಳಿಗೆ ಸುರಿಯಿತು. ಹೊಸದನ್ನು ಹಾಕಿದ್ದಾಯಿತು. ಒಳಗೆ ತುಕ್ಕು ಹಿಡಿಯದಿರಲೆಂದು ಟ್ಯಾಂಕಿಗೆ ಕಂಠದವರೆಗೂ ಪೆಟ್ರೋಲ್ ತುಂಬಿದ್ದಾಯಿತು. ಚೈನು ಒರೆಸಿ ಗ್ರೀಸ್ ಬಳಿದಳು.

"ಸೈಲೆನ್ಸರ್‌ಗೆ ಬಟ್ಟೆ ತುರುಕು. ಇಲ್ದಿದ್ರೆ ಇಲಿಗಳು ಸಂಸಾರ ಹೂಡ್ತವೆ."

"ಹೂಡ್ಲಿ ಬಿಡು, ಬಾಡಿಗೆ ಕೇಳೋಣ."

ಟೈಸ್ಟೊ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ಅವಳು ಅವನ ಗಲ್ಲ ಒರೆಸಿದಾಗ ಅಲ್ಲೂ ಗ್ರೀಸ್ ಮೆತ್ತಿತು.

ಉಳಿದದ್ದು ಬ್ಯಾಟರಿ. ಚಳಿಯಲ್ಲಿ ಬಿಟ್ಟರೆ ಅದು ಸಾಯುತ್ತದೆ, ಬಿಚ್ಚಿ ಮನೆಯೊಳಗೆ ಬೆಚ್ಚಗಿಡಬೇಕು.

"ಅದನ್ನ ತೆಗಿಯೋಕೆ ಮುಂಚೆ ನನ್ನ ಒಂದ್ಸಲ ಮೇಲೆ ಕೂರ್ಸು."

"ಹುಚ್ಚಾ ನಿನಗೆ?"

"ಒಂದೇ ಸಲ ಕಣೇ."

ಬೈಕು ಗಟ್ಟಿಯಾಗಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅವಳು ಅವನ ಕಂಕುಳಿಗೆ ಕೈಕೊಟ್ಟು ಎಳೆದು, ತಳ್ಳಿ, ಏದುಸಿರು ಬಿಡುತ್ತ ಸೀಟಿನ ಮೇಲೆ ಕೂರಿಸಿದಳು. ಅವನ ಬೆರಳುಗಳನ್ನು ಒಂದೊಂದಾಗಿ ಹ್ಯಾಂಡಲ್ಲಿಗೆ ಸುತ್ತಿದಳು. ಟೈಸ್ಟೊ ಕ್ಲಚ್ ಒತ್ತಲು ನೋಡಿದ. ಆಗಲಿಲ್ಲ. ಹಲ್ಲು ಕಚ್ಚಿ ಮತ್ತೆ ಪ್ರಯತ್ನಿಸಿದ. ಬೆರಳುಗಳು ಸುಮ್ಮನೆ ಜಾರಿದವು, ಅವುಗಳ ಹಿಂದೆ ಅವನೂ ಅವಳ ಮೈಮೇಲೆ ಒರಗಿಬಿಟ್ಟ.

ಅವನನ್ನು ಇಳಿಸುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ, ಬಿಡುವಂತೆಯೂ ಇರಲಿಲ್ಲ. ಫೋನು ಅಡುಗೆಮನೆಯಲ್ಲಿತ್ತು. ಕಾಲೆರ್ವೊನನ್ನು ಕೂಗಿ ಕೂಗಿ ಗಂಟಲು ಕಟ್ಟಿತು.

"ಹೆಲ್ವಿ," ಟೈಸ್ಟೊ ಅವಳ ಕುತ್ತಿಗೆಯ ಹತ್ತಿರ ಮೆಲ್ಲಗೆ ಅಂದ, "ಬ್ಯಾಟರಿ ತೆಗೀಬೇಡ. ಅಲ್ಲೇ ಸಾಯ್ಲಿ ಬಿಡು."

ಅವಳು ಅವನನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಕೊನೆಗೂ ಕೂಗು ಕೇಳಿ ಕಾಲೆರ್ವೊ ಓಡಿಬಂದ. ಇಬ್ಬರೂ ಸೇರಿ ಅವನನ್ನು ಕುರ್ಚಿಗೆ ಇಳಿಸಿದರು. ಬೇಸಿಗೆಯಿಡೀ ಆ ಬೈಕಿನ ಮೇಲೆ ಕಣ್ಣಿಟ್ಟಿದ್ದ ಕಾಲೆರ್ವೊ ಈಗ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕಾಫಿ ಕುಡಿದು ಹೋಗು ಎಂದರೂ ನಿಲ್ಲಲಿಲ್ಲ.

ಹೆಲ್ವಿ ಗಂಡನಿಗೆ ಬಟಾಣಿ ಸೂಪು ಕುಡಿಸಿದಳು. ಆಮೇಲೆ ಒಬ್ಬಳೇ ಗ್ಯಾರೇಜಿಗೆ ಹೋಗಿ, ಮೊದಲು ಕಪ್ಪು ತಂತಿ, ಆಮೇಲೆ ಕೆಂಪು ತಂತಿ ಬಿಚ್ಚಿ, ಬ್ಯಾಟರಿಯನ್ನು ಮಗುವಿನಂತೆ ಎದೆಗವಚಿಕೊಂಡು ತಂದಳು.

"ಬೇಡ ಅಂತ ಹೇಳಿದ್ನಲ್ಲ."

"ಹೇಳ್ದೆ. ಕೇಳಿಸ್ತು."

ಅದನ್ನು ಬೆಚ್ಚನೆಯ ಕೋಣೆಯ ಕಪಾಟಿನಲ್ಲಿಟ್ಟಳು. ಏಕೆಂದು ಅವಳಿಗೂ ಗೊತ್ತಿರಲಿಲ್ಲ. ಟೈಸ್ಟೊ ಗೋಡೆಯ ಕಡೆ ಮುಖ ತಿರುಗಿಸಿದ.

ಹಿಮ ಕರಗುವುದನ್ನು ಅವನು ನೋಡಲಿಲ್ಲ. ವಸಂತ ಬಂತು, ಬೀದಿಯಲ್ಲಿ ಬೇರೆಯವರ ಬೈಕುಗಳು ಓಡಾಡಿದವು. ಹೆಲ್ವಿ ಗ್ಯಾರೇಜಿನ ಬಾಗಿಲು ತೆಗೆಯಲು ಹೋಗಲಿಲ್ಲ.