ಜವಾದು ಬೆಟ್ಟದಲ್ಲಿ ಏಕಾದಶಿ

ತೀರ್ಥದ ಪುಟ್ಟ ತಂಬಿಗೆಯ ಮುಚ್ಚಳವನ್ನು ವೃಂದಾ ತೆಗೆಯುತ್ತಿದ್ದಂತೆಯೇ ಫೋನು ಹೊಡೆದುಕೊಂಡಿತು. ಪೋಳೂರಿನ ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಕೋಣೆ ಅದು. ಕಿಟಕಿಯಾಚೆ ಜವಾದು ಬೆಟ್ಟಗಳ ಸಾಲು ಮಾಘದ ಮಂಜಿನಲ್ಲಿ ನೀಲಿಯಾಗಿ ಮಲಗಿತ್ತು. ಗೋಡೆಗೊರಗಿದ್ದ ಎರಡು ಸೈಕಲ್ಲುಗಳು ಆ ಬೆಟ್ಟಗಳನ್ನು ದಾಟುವುದಕ್ಕೆಂದೇ ಶೋಳಿಂಗನಲ್ಲೂರಿನಿಂದ ಬಾಡಿಗೆಯ ವ್ಯಾನಿನಲ್ಲಿ ಬಂದಿದ್ದವು. ಹಿಂದಿನ ದಿನ ಶನಿವಾರವಿಡೀ ಅವಳು ಏಕಾದಶಿಯೆಂದು ಹನಿ ನೀರನ್ನೂ ಮುಟ್ಟಿರಲಿಲ್ಲ. ಈಗ ದ್ವಾದಶಿಯ ಪಾರಣೆ ಮುಗಿಸಿ, ಹೊಟ್ಟೆಗಿಷ್ಟು ಹಾಕಿಕೊಂಡು ಹೊರಡುವುದೆಂದು ಗೊತ್ತುಮಾಡಿಕೊಂಡಿದ್ದಳು.

ಫೋನಿನಲ್ಲಿ ತಿರುವಲ್ಲಿಕೇಣಿಯಿಂದ ಅತ್ತೆ ವೆಂಕಟಲಕ್ಷ್ಮಮ್ಮನವರು.

"ವೃಂದಾ, ಪಾರಣೆ ಆಗಿಹೋಯ್ತಾ?"

"ಇಲ್ಲಮ್ಮ, ಈಗ ಕೂತ್ಕೋಬೇಕು."

"ಕೂತ್ಕೋಬೇಡ! ಏಕಾದಶಿ ಇವತ್ತು ಕಣೇ. ನೀನು ನಿನ್ನೆ ಉಪವಾಸ ಇದ್ದೆ ಅಂತ ನಿನ್ನ ಮೈದುನ ಈಗ ತಾನೆ ಹೇಳಿದ, ಎದೆ ಧಸಕ್ಕಂತು. ನಿನ್ನೆ ಅರುಣೋದಯಕ್ಕೆ ದಶಮಿ ಇತ್ತಲ್ಲ, ಮಠದ ಪಂಚಾಂಗ ನೋಡ್ಲಿಲ್ವಾ?"

"ಹೊರಡೋ ಗಡಿಬಿಡಿ ಅಮ್ಮ, ಮೊಬೈಲಲ್ಲಿ ನೋಡಿಬಿಟ್ಟೆ."

"ಮೊಬೈಲಿಗೆ ದಶಮಿ ವೇಧ ಏನು ತೆರಿಯತ್ತೆ? ಅದಕ್ಕೇನು ಮುದ್ರಾಧಾರಣೆ ಮಾಡಿಸಿದ್ದೀಯಾ?"

ವೃಂದಾ ತಂಬಿಗೆಯ ಮುಚ್ಚಳವನ್ನು ಮೆಲ್ಲನೆ ಮತ್ತೆ ತಿರುಗಿಸಿ ಮುಚ್ಚಿದಳು. ಸೂರ್ಯೋದಯಕ್ಕೆ ಮುಂಚಿನ ಅರುಣೋದಯ ಕಾಲವನ್ನು ದಶಮಿ ಸೋಕಿದರೆ ಆ ದಿನದ ಏಕಾದಶಿ ಕೆಟ್ಟಿತು, ಉಪವಾಸ ಮರುದಿನಕ್ಕೆ ಸರಿಯಿತು. ಇದು ಅವರ ಮನೆತನದಲ್ಲಿ ಹಾಲುಗಲ್ಲದ ಮಕ್ಕಳಿಗೂ ತಿಳಿದ ವಿಷಯ. ಅಪಾರ್ಟ್‌ಮೆಂಟಿನ ಹೆಂಗಸರಿಗೆಲ್ಲ ಅದನ್ನು ಬಿಡಿಸಿ ಹೇಳುತ್ತಿದ್ದವಳೇ ಅವಳು. ಟೈರು ಟ್ಯೂಬು ಪಂಪುಗಳನ್ನು ಚೀಲಕ್ಕೆ ತುರುಕುವ ಅವಸರದಲ್ಲಿ ಒಮ್ಮೆ ಮೊಬೈಲಿನ ಮೇಲೆ ಕಣ್ಣಾಡಿಸಿ ನಂಬಿಬಿಟ್ಟಿದ್ದಳು. ಹದಿನಾರನೆಯ ವಯಸ್ಸಿನಿಂದ ಇಂದಿನವರೆಗೆ ಅವಳ ನಿರ್ಜಲ ಏಕಾದಶಿ ಒಂದೂ ತಪ್ಪಿರಲಿಲ್ಲ. ಆ ಅಖಂಡತೆಯನ್ನು ಅವಳು ಯಾರೆದುರಿಗೂ ಆಡಿಕೊಳ್ಳದೆ, ಕೊರಳ ತಾಳಿಯನ್ನು ಸೆರಗಿನಡಿ ಇಟ್ಟುಕೊಳ್ಳುವಂತೆ ಇಟ್ಟುಕೊಂಡಿದ್ದಳು.

ಕೆಳಗಿನ ಮೆಸ್ಸಿನಲ್ಲಿ ತಿಂಡಿ ತಿಂದು, ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ನುಂಗಿ ಮೇಲೆ ಬಂದ ಗಂಡ ಮುರಳೀಧರ ಅವಳ ಮುಖ ನೋಡಿ ಬಾಗಿಲಲ್ಲೇ ನಿಂತ.

"ಏನಾಯ್ತು?"

ಅವಳು ಹೇಳಿದಳು.

"ಅಯ್ಯೋ ರಾಮ, ನಾನು ನಾಲ್ಕು ಇಡ್ಲಿ ಹೊಡೆದು ಬಂದೆನಲ್ಲೇ! ಹಾಗಾದ್ರೆ ನಿನ್ನೆ ನೀನು ಮಾಡಿದ್ದು?"

"ಅದು ಯಾವ ಜಮೆಗೂ ಇಲ್ಲ."

"ದೇವರ ಜಮೆಗೆ ಇಲ್ಲದಿದ್ರೆ ಹೋಗ್ಲಿ, ನಿನ್ನ ಹೊಟ್ಟೆಗೆ ಗೊತ್ತಲ್ಲ. ಶುಕ್ರವಾರ ಮಧ್ಯಾಹ್ನ ಉಂಡವಳು ನೀನು. ಬಾ, ಬಸ್ಸಲ್ಲಿ ಹೋಗೋಣ. ಸೈಕಲ್ಲುಗಳನ್ನ ಬಸ್ಸಿನ ಮೇಲೆ ಹಾಕ್ತಾರೆ."

"ವ್ಯಾನು ಆಲಂಗಾಯಂ ಕಡೆ ಇಳಿದು ಕಾಯ್ತಿರತ್ತೆ. ದಾಟೋಣ ಅಂತ ಬಂದದ್ದು, ದಾಟೋಣ. ನಿಧಾನಕ್ಕೆ ತುಳೀತೀನಿ."

"ನೀರೂ ಕುಡಿಯದೆ?"

"ನೀರೂ ಕುಡಿಯದೆ."

"ಶೆರಿ," ಎಂದ ಮುರಳೀಧರ, ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ. "ನೀನು ಕುಡಿಯೋವರೆಗೂ ನಾನೂ ಕುಡಿಯಲ್ಲ."

"ಮಕ್ಕಳ ಥರ ಪಿಡಿವಾದ ಮಾಡಬೇಡಿ."

"ಮೂವತ್ತು ವರ್ಷ ಪಕ್ಕದಲ್ಲಿದ್ದು ಕಲಿತದ್ದು."

ಬೆದರಿಕೆ ಒಂದು ತಿರುವು ದಾಟುವಷ್ಟರಲ್ಲಿ ಕರಗುತ್ತದೆ ಎಂದುಕೊಂಡು ಅವಳು ಸೈಕಲ್ ಹತ್ತಿದಳು. ಅವನ ಸಕ್ಕರೆ ಇಳಿಯಲೆಂದು ವೈದ್ಯರು ಹೇಳಿದ ಮೇಲೆಯೇ ಇಬ್ಬರೂ ಈ ವಯಸ್ಸಿನಲ್ಲಿ ಸೈಕಲ್ಲು ಕೊಂಡದ್ದು. ಅವನೊಬ್ಬನನ್ನೇ ರಸ್ತೆಗೆ ಕಳಿಸಲು ಮನಸ್ಸು ಒಪ್ಪದೆ ಅವಳೂ ಕಲಿತಳು. ಸಮುದ್ರದಂಚಿನ ಸಪಾಟು ರಸ್ತೆಯಲ್ಲಿ ಭಾನುವಾರದ ಮುಂಜಾವುಗಳು ಕಳೆದವು. ಬೆಟ್ಟವೆಂಬುದು ಇದೇ ಮೊದಲು.

ಊರಿನ ಗದ್ದೆಗಳು ಮುಗಿದದ್ದೇ ದಾರಿ ತಲೆಯೆತ್ತಿತು. ಎಲೆಯುದುರಿದ ಕಾಡು ಎರಡೂ ಬದಿಗೆ ಎಲುಬುಗಳಂತೆ ನಿಂತಿತ್ತು. ಒಣಗಿದ ತರಗೆಲೆ ಗಾಳಿಗೆ ರಸ್ತೆಯ ಮೇಲೆ ತೆವಳಿ ಚಕ್ರದಡಿ ಪುಡಿಯಾಗುತ್ತಿತ್ತು. ಎಲ್ಲೋ ಒಂದು ಹುಣಸೆಯ ಮರದಡಿ ಒಂದಿಷ್ಟು ನೆರಳು; ಅದನ್ನು ದಾಟಿದರೆ ಮತ್ತೆ ಬಿಸಿಲು. ಅವಳು ಗೇರನ್ನು ಕೊನೆಯವರೆಗೂ ಇಳಿಸಿ, ಒಂದೊಂದು ತುಳಿತಕ್ಕೆ ಒಂದೊಂದು ನಾಮ ಹೇಳಿಕೊಂಡು ಏರಿದಳು. ಸ್ವಲ್ಪ ಹೊತ್ತಿಗೆ ನಾಮಗಳ ಅನುಕ್ರಮ ತಪ್ಪಿತು. ಆಮೇಲೆ ಬರಿಯ ಉಸಿರು ಉಳಿಯಿತು. ನಾಲಗೆ ಮರದ ಚಕ್ಕೆಯಂತೆ ಅಂಗುಳಕ್ಕೆ ಅಂಟಿಕೊಂಡಿತ್ತು. ಎಲ್ಲಕ್ಕಿಂತ ದಣಿಸಿದ್ದು ಸದ್ದು: ಪ್ರತಿ ತುಳಿತಕ್ಕೂ ಅವಳ ಸೈಕಲ್ಲಿಗೆ ಸಿಕ್ಕಿಸಿದ್ದ ತುಂಬಿದ ಬಾಟಲಿಯಲ್ಲಿ ನೀರು ಕುಲುಕುಲು ಎನ್ನುತ್ತಿತ್ತು. ಹಿಂದಿನಿಂದ ಮುರಳೀಧರನ ತುಂಬಿದ ಬಾಟಲಿಯಿಂದಲೂ ಅದೇ ಸದ್ದು.

"ಕುಡಿದ್ರಾ?" ಎಂದು ಅವಳು ತಿರುಗದೆಯೇ ಕೇಳಿದಳು.

"ನೀನು?"

ಜಮುನಾಮರತ್ತೂರಿಗೆ ಹೋಗುವ ಸರ್ಕಾರಿ ಬಸ್ಸೊಂದು ಹಾರನ್ ಬಾರಿಸಿ, ಅವರಿಬ್ಬರನ್ನೂ ಧೂಳಿನಲ್ಲಿ ಅದ್ದಿ ಮೇಲೇರಿತು. ಕಿಟಕಿಯಿಂದ ಯಾರೋ ಕೂಗಿ ನಕ್ಕರು. ನಗುವವರ ಮೇಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಅನ್ನಿಸುವುದಕ್ಕೂ ಕಸುವು ಬೇಕಲ್ಲ.

ಮುಂದಿನ ತಿರುವು ಹತ್ತಿದಾಗ ಹಿಂದಿನ ಸದ್ದು ನಿಂತಿತ್ತು. ತಿರುಗಿ ನೋಡಿದಳು. ಮುರಳೀಧರ ಸೈಕಲ್ಲನ್ನು ನೆಲಕ್ಕೆ ಕೆಡವಿ, ರಸ್ತೆಯಂಚಿನ ಕಟ್ಟೆಯ ಮೇಲೆ ಕುಸಿದಿದ್ದ. ಅವಳು ಇಳಿದು ಹತ್ತಿರ ಬರುವಷ್ಟರಲ್ಲಿ ಅವನ ಬೆರಳುಗಳು ಗಡಗಡ ನಡುಗುತ್ತಿದ್ದವು. ಹಣೆಯ ಬೆವರು ಮುಟ್ಟಿದರೆ ತಣ್ಣಗಿತ್ತು. ಸಕ್ಕರೆ ಇಳಿದುಹೋಗಿದೆ ಎಂಬುದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನ ಬಾಟಲಿಯಲ್ಲಿ ಸಕ್ಕರೆ ಬೆರೆಸಿದ ನಿಂಬೆಯ ನೀರಿತ್ತು. ಅವಳೇ ಬೆಳಿಗ್ಗೆ ತುಂಬಿದ್ದು. ಅದನ್ನು ಕಿತ್ತು ಅವನ ಬಾಯಿಗೆ ಹಿಡಿದಳು.

ಅವನು ಮುಖ ತಿರುಗಿಸಿದ. "ಮೊದಲು… ನೀನು."

"ನಾಟಕ ಸಾಕು. ಕುಡೀರಿ."

"ನಾಟಕ ಅಲ್ಲ… ಮಯಕ್ಕ ಬರ್ತಾ ಇದೆ… ತಲೆ ಸುತ್ತು…" ಮಾತು ತೊದಲುತ್ತಿತ್ತು. ಕಣ್ಣು ಎಲ್ಲೋ ನೋಡುತ್ತಿತ್ತು. ತುಟಿ ಮಾತ್ರ ಹಟ ಹಿಡಿದ ಕೂಸಿನದರಂತೆ ಬಿಗಿದಿತ್ತು. "ನೀನು ಕುಡಿ… ಆಮೇಲೆ."

ಬಲವಂತವಾಗಿ ಒತ್ತಿದಳು, ನಿಂಬೆಯ ನೀರು ಗಲ್ಲದ ಮೇಲಿಳಿದು ಅಂಗಿ ನೆನೆಯಿತು. ರಸ್ತೆಯ ಮೇಲೂ ಕೆಳಗೂ ಯಾರಿಲ್ಲ. ಫೋನಿನಲ್ಲಿ ಸಿಗ್ನಲ್ ಇಲ್ಲ. ನೀರಿನಿಂದ ವ್ರತಭಂಗವಿಲ್ಲ, ಔಷಧದಿಂದಿಲ್ಲ ಎಂದು ಶಾಸ್ತ್ರವೇ ಅಶಕ್ತರಿಗೆ ಬಾಗಿಲು ತೆರೆದಿಟ್ಟದ್ದು ಅವಳಿಗೆ ಗೊತ್ತಿತ್ತು. ಆ ಬಾಗಿಲ ಮುಂದೆ ಇಷ್ಟು ವರ್ಷ ತಲೆಯೆತ್ತಿ ನಡೆದುಹೋದವಳು ಅವಳು. ಈಗ ಆ ವಚನಗಳನ್ನು ನೆನೆದುಕೊಂಡು ಸಮಾಧಾನಪಡುವಷ್ಟು ಸಮಯವಿರಲಿಲ್ಲ. ತನ್ನ ಬಾಟಲಿ ಎತ್ತಿದಳು. ತುಟಿ ಸೋಕದಂತೆ, ಕತ್ತು ಹಿಂದಕ್ಕೆ ಬಾಗಿಸಿ, ಅವನಿಗೆ ಕಾಣುವಂತೆ ಒಂದು ಗುಟುಕು ಬಾಯಿಗೆ ಒತ್ತಿಕೊಂಡಳು. ಗಂಟಲು ಏರಿ ಇಳಿಯಿತು.

"ಕೃಷ್ಣಾರ್ಪಣ," ಎಂದಳು. "ಆಯ್ತಾ? ಕುಡೀರಿ ಈಗ."

ಅವನು ಕುಡಿದ. ಬಾಟಲಿ ಅರ್ಧ ಖಾಲಿಯಾಯಿತು. ಚೀಲದಿಂದ ಕಡಲೆ ಮಿಠಾಯಿ ತೆಗೆದು ಮುರಿದು ತಿನ್ನಿಸಿದಳು. ಅವನ ಕಣ್ಣು ಎಲ್ಲಿಂದಲೋ ಹಿಂದಿರುಗಿ ಅವಳ ಮುಖದ ಮೇಲೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ಕುಡಿದೇಬಿಟ್ಟೆಯಲ್ಲೇ," ಎಂದ.

"ನಿಮ್ಮ ಪಿಡಿವಾದಕ್ಕೆ ಬೆಂಕಿ ಬೀಳ! ಜೀವ ಹೋಗಿದ್ರೆ?"

"ಬೆಳಿಗ್ಗೆ ಸುಮ್ನೆ ಹೆದರಿಸೋಣ ಅಂತಾನೇ ಹೇಳಿದ್ದು. ಎರಡನೇ ತಿರುವಿನಲ್ಲಿ ಕುಡಿಯೋಣ ಅಂತ ಬಾಟ್ಲಿಗೆ ಕೈಯೂ ಹಾಕಿದೆ. ಎದುರಿಗೆ ನಿನ್ನ ಬೆನ್ನು ಕಾಣ್ತಿತ್ತು. ಕೈ ಬರಲಿಲ್ಲ." ಬಾಯಿ ಒರೆಸಿಕೊಂಡು, "ತಪ್ಪಾಯ್ತು ವೃಂದಾ. ಕೆಡಿಸಿಬಿಟ್ಟೆ ನಿನ್ನ ವ್ರತಾನ," ಎಂದ.

ಅವಳು ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತಳು. ಒಳಗೆ ಏನಾದರೂ ಮುರಿದು ಬಿದ್ದ ಸದ್ದಾಗುತ್ತದೆಂದು ಕಾದಳು. ದುಃಖ ಬರಬೇಕಿತ್ತು, ಬರಲಿಲ್ಲ. ಮೀನಖಂಡಗಳ ನೋವು, ಬೆನ್ನಿನ ಉರಿ, ಎರಡು ದಿನದ ಆಯಾಸ, ಇವಷ್ಟೇ ತಮ್ಮ ತಮ್ಮ ಜಾಗದಲ್ಲಿ ಇದ್ದವು. ಒದ್ದೆಯಾದ ಗಂಟಲು ಒಣಗಿದ್ದಾಗಿನದಕ್ಕಿಂತ ಹೆಚ್ಚು ಹಟಮಾರಿಯಾಗಿತ್ತು. ಇನ್ನೂ ಬೇಕು ಎನ್ನುತ್ತಿತ್ತು.

ಮೊದಲ ಗುಟುಕು ಅವನದು. ಅದನ್ನು ಅವನ ಔಷಧದ ಜೊತೆಗೆ ಸೇರಿಸಿದರೆ ಅತ್ತೆಯೂ ಒಪ್ಪುತ್ತಾರೆ. ಅಲ್ಲಿಗೇ ನಿಲ್ಲಿಸಿದರೆ ವ್ರತ ಕೆಟ್ಟಿತೆಂದು ಯಾವ ಪಂಡಿತನೂ ಅನ್ನಲಾರ. ಹದಿನಾರನೆಯ ವಯಸ್ಸಿನಿಂದ ಬಂದ ಸರಪಳಿ ಸಣ್ಣದೊಂದು ಬೆಸುಗೆಯೊಡನೆ ಹಾಗೆಯೇ ಉಳಿಯುತ್ತದೆ. ಈಗ ಅವಳು ಕುಡಿಯಲೇಬೇಕೆಂದು ಯಾರೂ ಹಟ ಹಿಡಿದಿರಲಿಲ್ಲ. ಮುರಳೀಧರ ಕಣ್ಣು ಮುಚ್ಚಿ ಕಟ್ಟೆಯ ಪಕ್ಕದ ಕಂಬವೊಂದಕ್ಕೆ ತಲೆಯಾನಿಸಿದ್ದ.

ಬಾಟಲಿ ಅವಳ ತೊಡೆಯ ಮೇಲಿತ್ತು. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎತ್ತಿ, ಕತ್ತು ಬಾಗಿಸಿ, ಅದು ಹಗುರವಾಗುವವರೆಗೂ ಕುಡಿದಳು. ಕೃಷ್ಣಾರ್ಪಣವೆಂಬ ಮಾತು ಬಾಯಿಗೆ ಬಂತು, ತಡೆದಳು. ಸ್ವಾಮಿ, ಇದು ನಿನಗಲ್ಲ, ಇವರಿಗೂ ಅಲ್ಲ, ನನ್ನದೇ ಬಾಯಾರಿಕೆ ಎಂದು ಮನಸ್ಸಿನಲ್ಲಿ ಹೇಳಿಕೊಂಡಳು. ಹೇಳಿದ್ದನ್ನು ಸ್ವಾಮಿ ಕೇಳಿಸಿಕೊಂಡನೆಂಬುದರಲ್ಲಿ ಏಕೋ ಅವಳಿಗೆ ಅನುಮಾನವೇ ಬರಲಿಲ್ಲ.

ಮುರಳೀಧರ ಕಣ್ಣು ಬಿಟ್ಟು ಖಾಲಿ ಬಾಟಲಿಯನ್ನು ನೋಡಿದ. "ಅಮ್ಮನಿಗೆ ಏನು ಹೇಳ್ತಿ?"

"ಬಾಯಾರಿತ್ತು, ಕುಡಿದೆ ಅಂತ."

"ಅಷ್ಟೇನಾ? ನನ್ನ ಮಯಕ್ಕದ ಕಥೆ?"

"ಅದು ನಿಮ್ಮದು. ಬೇಕಾದ್ರೆ ನೀವೇ ಹೇಳಿ ಬೈಸ್ಕೊಳ್ಳಿ."

ಅವನು ಏಳಲು ಕೈ ಚಾಚಿದ. ಅವಳು ಹಿಡಿದು ಎಬ್ಬಿಸಿದಳು. ಹತ್ತಿ ತುಳಿಯುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಸೈಕಲ್ಲುಗಳನ್ನು ತಳ್ಳಿಕೊಂಡು, ಒಬ್ಬರ ಪಕ್ಕ ಒಬ್ಬರು, ಬಿಸಿಲಿನ ಏರಿನಲ್ಲಿ ಕಾಲೆಳೆಯುತ್ತ ನಡೆಯತೊಡಗಿದರು.