ರೇಷ್ಮೆ ಹುಳದ ದೂರು

ಮಾಂಬಳ್ಳಿಯ ಕೆಂಪನಂಜಪ್ಪನಿಗೆ ಆ ವಾರ ತಲೆ ಕೆಟ್ಟುಹೋಗಿತ್ತು. ನಾಲ್ಕು ಪೊರೆ ಬಿಟ್ಟು ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆ ಹುಳುಗಳು ತಟ್ಟೆಗಟ್ಟಲೆ ಕಕ್ಕಿಕೊಂಡು ಸಾಯುತ್ತಿದ್ದವು. ಹಿಂದಿನ ಬೆಳೆಯೂ ಹೀಗೇ ಹೋಗಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ಹುಳದ ಮನೆ ಬಾಗಿಲಿಗೆ ಕರಿ ಕಂಬಳಿ ಇಳಿಬಿಟ್ಟ. ಪಕ್ಕದ ಮನೆಯವರನ್ನು ಜಗಲಿಗೂ ಹತ್ತಿಸಲಿಲ್ಲ. ಹುಳ ಮಾತ್ರ ಸಾಯುವುದನ್ನು ಬಿಡಲಿಲ್ಲ.

ಇದರ ಮೇಲೆ ಮಗಳು ವೀರಮ್ಮನ ಕಾಟ ಬೇರೆ. ಐದನೇ ಕ್ಲಾಸಿನ ಹುಡುಗಿ ಜಗಲಿಯ ಮೇಲೆ ಕೂತು, 'ನಾನು ರೇಷ್ಮೆ ಹುಳ' ಎಂದು ಗಟ್ಟಿಯಾಗಿ ಓದತೊಡಗಿದಳು. ಏನಿದು ಎಂದರೆ, ಮನೆಯ ಯಾವುದಾದರೂ ಜೀವಕ್ಕೆ ಬಾಯಿ ಬಂದರೆ ಏನು ಹೇಳೀತು, ಬರೆದು ತನ್ನಿ ಅಂದಿದ್ದಾರೆ ಮೇಷ್ಟ್ರು ಎಂದಳು. ಕೆಂಪನಂಜಪ್ಪನ ಪಿತ್ತ ನೆತ್ತಿಗೇರಿತು. ಮಗ್ಗಿ ಕಲಿಯಲಿ ಎಂದು ಕಳಿಸಿದರೆ ಸುಳ್ಳು ಹೇಳುವುದನ್ನು ಕಲಿಸುತ್ತಾರಲ್ಲ ಈ ಜನ. ಇನ್ನು ಸ್ಕೂಲು ಸಾಕು, ಹುಳಕ್ಕೆ ಸೊಪ್ಪು ಕುಯ್ಯಲು ತೋಟಕ್ಕೆ ಹೋಗು ಎಂದುಬಿಟ್ಟ. ವೀರಮ್ಮ ಅತ್ತೂ ಅತ್ತೂ ಪುಸ್ತಕವನ್ನು ಗೆಳತಿಯ ಕೈಲಿ ಮೇಷ್ಟ್ರಿಗೆ ಕಳಿಸಿದಳು. ತಾಯಿ ದೊಡ್ಡಬಸಮ್ಮ ಗಂಡನ ಜೊತೆ ಮಾತು ಬಿಟ್ಟಳು. ಮೂರನೇ ದಿನ ಕೆಂಪನಂಜಪ್ಪ, ಮಗಳ ಹೆಸರು ತೆಗೆಸಿಯೇ ಬರುತ್ತೇನೆಂದು ಸ್ಕೂಲಿಗೆ ಹೊರಟ.

ವೃಷಭೇಂದ್ರಪ್ಪ ಮೇಷ್ಟ್ರಿಗೂ ಅವತ್ತು ಸಾಕುಸಾಕಾಗಿತ್ತು. ಮುಂದೆ ಮೂವತ್ತು ಪುಸ್ತಕ ಬಿದ್ದಿದ್ದವು. ಇಪ್ಪತ್ತೊಂಬತ್ತರಲ್ಲೂ ಹಸು ಸಾಧು ಪ್ರಾಣಿ, ಅದಕ್ಕೆ ನಾಲ್ಕು ಕಾಲು ಎಂಬ ಅದೇ ಹಳೇ ಪಾಠ. ಮನೆಯಲ್ಲಿ ಹಸುವೇ ಇಲ್ಲದವರೂ ಅದನ್ನೇ ಗೀಚಿದ್ದರು.

"ಉಳ ಎಲ್ಲಾರ ಮಾತಾಡ್ತದಾ ಸಾ? ಮಗೀಗೆ ಸುಳ್ಳು ಕಲುಸ್ತಿದ್ದೀರಲ್ಲ," ಎಂದ ಕೆಂಪನಂಜಪ್ಪ.

ಮೇಷ್ಟ್ರು ಮೂವತ್ತನೇ ಪುಸ್ತಕ ತೆಗೆದು ಓದಿದರು.

"ನಾನು ರೇಷ್ಮೆ ಹುಳ. ಅವ್ವ ಹಾಕುವ ಸೊಪ್ಪು ಚೆನ್ನಾಗಿರುತ್ತದೆ. ಅಪ್ಪ ಹಾಕುವ ಸೊಪ್ಪು ಘಾಟು. ಹೊಗೆಸೊಪ್ಪು ತಿಕ್ಕಿದ ಕೈಯಲ್ಲೇ ಹಾಕುತ್ತಾನೆ. ತಿಂದರೆ ನನಗೆ ವಾಂತಿ ಬರುತ್ತದೆ. ಬಾಗಿಲಿಗೆ ಕಂಬಳಿ ಕಟ್ಟಿದ್ದಾರೆ. ಹೊರಗಿನವರು ಯಾರೂ ಬರುವುದಿಲ್ಲ. ಅಪ್ಪ ಬರುತ್ತಾನೆ."

ಕೆಂಪನಂಜಪ್ಪ ತನ್ನ ಬೆರಳು ಮೂಸಿ ನೋಡಿಕೊಂಡ. ಹೊಗೆಸೊಪ್ಪು ಈ ಹುಳಕ್ಕೆ ವಿಷ, ರೇಷ್ಮೆ ಇಲಾಖೆಯವರೂ ಅದನ್ನೇ ಹೇಳುತ್ತಾರೆ ಎಂದರು ಮೇಷ್ಟ್ರು. ಆದರೆ ಮೇಷ್ಟ್ರಾಗಲಿ ಇಲಾಖೆಯವರಾಗಲಿ ಅದನ್ನು ವೀರಮ್ಮನಿಗೆ ಹೇಳಿಕೊಟ್ಟಿರಲಿಲ್ಲ. ಹುಡುಗಿ ಹುಳದ ಜಾಗದಲ್ಲಿ ತನ್ನನ್ನು ಇಟ್ಟುಕೊಂಡು ನೋಡಿದ್ದಳು, ಅಷ್ಟೇ.

ಕೆಂಪನಂಜಪ್ಪನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. "ಇದ್ನ ನಂಗೇ ಒಂದ್ಮಾತು ಯೋಳ್ಬಾರ್ದಾಗಿತ್ತಾ ಸಾ ಅವ್ಳು?"

"ಹೇಳೋಕೇ ಬಂದಿದ್ಲಲ್ಲ ಕೆಂಪನಂಜಪ್ಪೋರೆ. ನೀವು ಮೊದಲ್ನೇ ಸಾಲಿಗೇ ಸ್ಕೂಲು ಬಿಡಿಸಿದ್ರಿ."

ಕೆಂಪನಂಜಪ್ಪ, ಹೆಸರು ಇರಲಿ ಎಂದು ಹೇಳಿ ಮಗಳನ್ನು ಕರೆತರಲು ತೋಟಕ್ಕೆ ಹೋದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮಗು ಮಡಕೆ ಮಾತಾಡಿತು, ಮೋಡ ನಕ್ಕಿತು ಎಂದರೆ ಗದರಿಸಬೇಡಿ. ಆಮೇಲೇನಾಯ್ತು ಎಂದು ಕೇಳಿ. ಮೇಷ್ಟ್ರೇ, ವಾರಕ್ಕೊಂದು ಗಂಟೆಯಾದರೂ ಮಕ್ಕಳು ತಮ್ಮದೇ ಮಾತಿನಲ್ಲಿ ಬರೆಯಲಿ. ಬರೆದದ್ದನ್ನು ಕೊನೆಯ ಸಾಲಿನವರೆಗೂ ಓದಿ. ಅದರಲ್ಲಿ ನಮ್ಮ ತಪ್ಪೇ ಇದ್ದರೂ ಓದಿ.