ಮುರಿದ ಸೂಜಿಯ ಪುಸ್ತಕ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಮಗುವನ್ನು ನಾದಿನಿಯ ಮನೆಗೆ ಕಳಿಸುವುದೆಂದು ಅತ್ತೆ ತೀರ್ಮಾನಿಸಿದ್ದರು. ಮೂರು ತಿಂಗಳ ಮಟ್ಟಿಗೆ ಎಂದರು. ಕಾರಣ, ನನ್ನ ತಲೆಯಲ್ಲಿ ಬರುವ ಯೋಚನೆಗಳು. ನನ್ನ ಕೈ ಏನೂ ಮಾಡಿರಲಿಲ್ಲ. ತಲೆ ಮಾಡಿದ ತಪ್ಪಿಗೆ ಮಡಿಲಿಗೆ ಶಿಕ್ಷೆ.

ಸಿಟ್ಟು ಬಂದಾಗ ನಾನು ಮಾತನ್ನು ನಡುವಿನಿಂದ ಶುರು ಮಾಡುತ್ತೇನೆ. ತಡೆಯಿರಿ, ಮೊದಲಿನಿಂದ ಹೇಳುತ್ತೇನೆ.

ನಾನು ಕೆಲಸ ಮಾಡುವುದು ಎಳೆಮಕ್ಕಳ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ. ಅಲ್ಲಿ ಸೂಜಿ ಮುರಿದರೆ ಅದರ ಅಷ್ಟೂ ಚೂರು ಹುಡುಕಿ, ಪುಸ್ತಕದ ಹಾಳೆಗೆ ಟೇಪು ಹಾಕಿ ಅಂಟಿಸಿ, ಸಹಿ ಮಾಡಿದ ಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಸಾಲಿನ ಕೆಲಸವೆಲ್ಲ ನಿಲ್ಲುತ್ತದೆ. ಕತ್ತರಿ, ಬ್ಲೇಡುಗಳ ಎಣಿಕೆಯೂ ಅದೇ ಪುಸ್ತಕದಲ್ಲಿ. ಎಣಿಕೆಗೆ ಬರದ ಒಂದೇ ಒಂದು ಹರಿತವಾದ ವಸ್ತು ತಪಾಸಣೆಯವರ ಕಣ್ಣಿಗೆ ಬಿದ್ದರೆ ಇಡೀ ಪುಸ್ತಕ ರದ್ದು. ಹಾಳೆಗೆ ಅಡ್ಡಗೆರೆ ಎಳೆದು ಹೋಗುತ್ತಾರೆ. ಎಂಟು ವರ್ಷ ಆ ಪುಸ್ತಕ ನನ್ನ ಕೈಯಲ್ಲಿತ್ತು, ಒಂದು ಗೆರೆಯೂ ಬಿದ್ದಿರಲಿಲ್ಲ. ನನ್ನ ಗಂಡ ಅಲ್ಲಿಯೇ ಮೆಕ್ಯಾನಿಕ್. ಅತ್ತೆ ಮೂವತ್ತು ವರ್ಷ ಅಲ್ಲಿಯೇ ಹೊಲಿದು ನಿವೃತ್ತರಾದವರು.

ನನಗೆ ಏಳು ತಿಂಗಳು ತುಂಬಿದ್ದಾಗ ಒಂದು ಮಧ್ಯಾಹ್ನ ಕತ್ತರಿಗಳನ್ನು ಎಣಿಸುತ್ತಿದ್ದೆ. ಇದನ್ನು ಹೊಟ್ಟೆಗೆ ಚುಚ್ಚಿಕೊಂಡುಬಿಟ್ಟರೆ ಎಂಬ ಯೋಚನೆ ಬಂತು. ಕತ್ತರಿ ಕೆಳಗಿಟ್ಟೆ. ಆಮೇಲೆ ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ, ಚೂರು ಹುಡುಕಿದೆ. ಯಾಕೆ ಬಂತು, ನಾನು ಎಂಥವಳು, ನನಗೆ ಈ ಮಗು ಬೇಡವೇ ಎಂದು ಹುಡುಕಿದಷ್ಟೂ ಹೊಸ ಚೂರು ಸಿಕ್ಕಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುಂಬಳಕಾಯಿಯನ್ನೇ ಕಂಡಿರಲಿಲ್ಲ, ಹೆಗಲ ಚರ್ಮ ಮಾತ್ರ ಕಿತ್ತುಬರುವಷ್ಟು ತಿಕ್ಕಿಕೊಂಡಿದ್ದೆ. ಆಸ್ಪತ್ರೆಯ ನರ್ಸಿಗೆ ಹೇಳಿದರೆ, "ಈ ಸಮಯದಲ್ಲಿ ಒಳ್ಳೇದನ್ನೇ ಯೋಚಿಸ್ಬೇಕಮ್ಮ" ಎಂದು ಬಿಪಿ ಪಟ್ಟಿ ಬಿಚ್ಚಿದಳು. ಬೇಡ ಎಂದರೆ ನಿಲ್ಲುವ ಯೋಚನೆಯಾಗಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ ತಾಯಿ.

ಮಗಳು ಹುಟ್ಟಿದಳು. ಹನ್ನೆರಡನೆಯ ದಿನ ಅವಳ ಉಗುರು ಕತ್ತರಿಸಲು ಕೂತೆ. ಕತ್ತರಿ ಅವಳ ಕಣ್ಣಿಗೆ ಹೋದಂತೆ ಒಂದು ಚಿತ್ರ ಬಂತು. ಕತ್ತರಿ ಬಿಸಾಡಿ, ಅಳುತ್ತಾ ಗಂಡನಿಗೆ ಎಲ್ಲ ಹೇಳಿದೆ.

ಗಂಡ ಒಳ್ಳೆಯವನು. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಅಂದೇ ಸಂಜೆ ಒಂದು ನೋಟ್‌ಬುಕ್ಕಿಗೆ ಸ್ಕೇಲು ಇಟ್ಟು ಗೆರೆ ಹಾಕಿದ. ಕತ್ತರಿ, ಚಾಕು, ಸೂಜಿ, ಬೆಳಗಿನ ಎಣಿಕೆ, ಸಂಜೆಯ ಎಣಿಕೆ, ಸಹಿ. ಎಲ್ಲವೂ ಬೀರುವಿನೊಳಗೆ, ಬೀಗದ ಕೈ ಅತ್ತೆಯ ಸೊಂಟದಲ್ಲಿ. ವಾರದೊಳಗೆ ಅತ್ತೆ ಇನ್ನೊಂದು ಕಾಲಂ ಸೇರಿಸಿದರು: ಮಗು ಯಾರ ಬಳಿ. ಆ ಕಾಲಮ್ಮಿನಲ್ಲಿ 'ಅಜ್ಜಿ' ಇತ್ತು, 'ಅಪ್ಪ' ಇತ್ತು. ನಾನು ಹಾಲೂಡಿಸುವಾಗಲೂ 'ಅಜ್ಜಿ (ಎದುರಿಗೆ)' ಎಂದು ಬರೆಯುತ್ತಿದ್ದರು.

ನನಗೆ ಇಂದಿಗೂ ಮೈ ಉರಿಯುವುದು ಇದಕ್ಕೆ: ಆ ಪುಸ್ತಕ ಬಂದ ದಿನ ನನಗೆ ಹಾಯೆನಿಸಿತ್ತು. ಎರಡೇ ದಿನ. ಮೂರನೆಯ ದಿನ ಗಾಜಿನ ಲೋಟ ಹೆದರಿಸಿತು. ಆಮೇಲೆ ದಿಂಬು, ಸ್ನಾನದ ನೀರು, ಕಿಟಕಿ. ನಾನು ಹೆದರಿದ್ದಕ್ಕೆಲ್ಲ ಗಂಡ ಒಂದೊಂದು ಗೆರೆ ಹಾಕಿದ. ಮಗಳ ಸ್ನಾನ ಅತ್ತೆಯ ಪಾಲಾಯಿತು, ನಿದ್ದೆಯೂ ಅವರ ಪಾಲಾಯಿತು. ಹಾಲು ಮಾತ್ರ ನನ್ನದು, ಅದೂ ಎಣಿಕೆಯ ಮೇಲೆ.

ಮಗುವಿಗೆ ಚುಚ್ಚುಮದ್ದು ಹಾಕಿದ ಡಾಕ್ಟರು ನನ್ನ ಮುಖ ನೋಡಿ ಥೆರಪಿಗೆ ಕಳಿಸಿದರು. ಹಲ್ಲಿನ ಕ್ಲಿನಿಕ್ಕಿನ ಮೇಲಿನ ಕೋಣೆ. ಕೆಳಗೆ ಯಾರದೋ ಹಲ್ಲು ಕೊರೆಯುವ ಸದ್ದು. ಥೆರಪಿಸ್ಟ್ ನನಗಿಂತ ಚಿಕ್ಕವಳು. ದನಿಗಳು ಕೇಳಿಸುತ್ತವೆಯೇ, ಯಾರಾದರೂ ಆಜ್ಞೆ ಮಾಡುತ್ತಾರೆಯೇ ಎಂದೆಲ್ಲ ವಿಚಾರಿಸಿದಳು. ಇಲ್ಲ ಎಂದೆ. ಕೊನೆಗೆ, "ಹಾಗೆ ಮಾಡ್ಬೇಕು ಅಂತ ಆಸೆ ಆಗುತ್ತಾ?" ಎಂದಳು.

"ನಿಮಗೆ ತಲೆ ನೆಟ್ಟಗಿದೆಯಾ?" ಎಂದೆ. ಕುರ್ಚಿಯಿಂದ ಎದ್ದೇಬಿಟ್ಟಿದ್ದೆ.

ಅವಳಿಗೆ ಬೇಸರವಾಗಲಿಲ್ಲ. "ಕೂತ್ಕೊಳ್ಳಿ. ಇಂಥ ಯೋಚನೆ ತುಂಬಾ ತಾಯಂದಿರಿಗೆ ಬರುತ್ತೆ, ಯಾರೂ ಬಾಯಿ ಬಿಡಲ್ಲ. ನಿಮಗೆ ಆಸೆ ಇಲ್ಲ, ಭಯ ಇದೆ. ಭಯ ಕಾಯಿಲೆ ಆಗಿದೆ, ಅದಕ್ಕೆ ಚಿಕಿತ್ಸೆ ಇದೆ" ಎಂದಳು.

ನಾನು ಕಾರ್ಖಾನೆಯ ಪುಸ್ತಕದ ಬಗ್ಗೆಯೂ ಮನೆಯ ಪುಸ್ತಕದ ಬಗ್ಗೆಯೂ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು.

"ಸೂಜಿ ಮುರೀದೆ ಇದ್ರೆ ಚೂರು ಹುಡುಕ್ತೀರಾ?"

"ಮುರೀದೆ ಇದ್ರೆ ಯಾಕೆ ಹುಡುಕ್ಲಿ?"

"ನಿಮ್ಮನೇಲಿ ಯಾವ ಸೂಜಿ ಮುರಿದಿದೆ?"

ಕೆಳಗೆ ಕೊರೆಯುವುದು ನಿಂತು ಮತ್ತೆ ಶುರುವಾಯಿತು.

ಐದು ವಾರ ಹೋದೆ, ಅಭ್ಯಾಸ ಅವಳ ಕೋಣೆಯಲ್ಲೇ. ಮೊದಲು ಮೇಜಿನ ಮೇಲೆ ಕತ್ತರಿ, ದೂರದಲ್ಲಿ ಮಗು. ಆಮೇಲೆ ಕತ್ತರಿ ನನ್ನ ಕೈಯಲ್ಲಿ, ಮಗು ಮಡಿಲಲ್ಲಿ. ಯೋಚನೆ ಬಂದರೆ ಓಡಿಸಬಾರದು, ಏನೂ ಆಗಲ್ಲ ತಾನೇ ಎಂದು ಯಾರನ್ನೂ ಕೇಳಬಾರದು. ಮೊದಮೊದಲು ರವಿಕೆ ಬೆನ್ನಿಗೆ ಅಂಟುವಷ್ಟು ಬೆವರಿದೆ. ನಾಲ್ಕನೆಯ ವಾರ ಯೋಚನೆ ಬಂದು, ಕರೆಯದೆ ಬಂದ ನೆಂಟನ ಹಾಗೆ ಮೂಲೆಯಲ್ಲಿ ಕೂತಿತು. ಮನೆಯ ಪುಸ್ತಕ ನಿಲ್ಲಬೇಕು, ಅದು ಭಯಕ್ಕೆ ಹಾಕುತ್ತಿರುವ ಮೇವು ಎಂದು ಥೆರಪಿಸ್ಟ್ ಹೇಳಿಕಳಿಸಿದಳು. ಗಂಡ ಬಂದು ಅವಳ ಮಾತು ಕೇಳಿಸಿಕೊಂಡು ಹೋದ. ಅತ್ತೆ ಬರಲಿಲ್ಲ.

"ಕತ್ತರಿಗೆ ಹೆದರೋಳ ಕೈಗೆ ಕತ್ತರಿ ಕೊಡೋದು ಯಾವ ಸೀಮೆ ಔಷಧಿ?" ಎಂದರು. ಅಂದೇ ನಾದಿನಿಗೆ ಫೋನು ಮಾಡಿದರು.

ಭಾನುವಾರ ನಾದಿನಿ ಖಾಲಿ ಚೀಲ ಹಿಡಿದು ಬಂದಳು. ಮಗುವನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತಿದ್ದ ಅತ್ತೆ, ಮೇಜಿನ ಮೇಲಿನ ಪುಸ್ತಕ ತೋರಿಸಿದರು.

"ನೋಡೇ, ಐವತ್ತೆಂಟು ದಿನ. ಒಂದು ಎಣಿಕೆ ತಪ್ಪಿಲ್ಲ. ಇದಿದ್ದಿದ್ದಕ್ಕೇ ಕೂಸು ಉಳೀತು."

ಉಳಿಯಿತಂತೆ. ನನ್ನಿಂದ. ನಾನು ಮಗಳ ಮುಖ ನೋಡಿದೆ. ಅವಳು ಅಜ್ಜಿಯ ಕೊರಳಲ್ಲಿದ್ದ ನೀಲಿ ಲಾಡಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಲಾಡಿಯ ತುದಿಯಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ತೂಗುತ್ತಿತ್ತು.

ಹೊಲಿಯುವವರೆಲ್ಲ ಅದನ್ನು ಕೊರಳಿಗೆ ಹಾಕಿಕೊಳ್ಳುತ್ತೇವೆ. ಕನ್ನಡಕ ಹಾಕಿದವರಿಗೆ ಕನ್ನಡಕ ಕಾಣದಂತೆ ನಮಗೆ ಅದು ಕಾಣುವುದಿಲ್ಲ. ನನ್ನದು ಹೆರಿಗೆ ರಜೆ ಹಾಕಿದ ದಿನದಿಂದ ಕಾರ್ಖಾನೆಯ ಕಪಾಟಿನಲ್ಲಿತ್ತು. ಅತ್ತೆ ನಿವೃತ್ತರಾಗಿ ಆರು ವರ್ಷವಾದರೂ ತೆಗೆದಿರಲಿಲ್ಲ. ಐವತ್ತೆಂಟು ದಿನ ಮಗು ಆ ಕತ್ತರಿಯ ಪಕ್ಕದಲ್ಲೇ ಮಲಗಿ ಎದ್ದಿತ್ತು. ಮೆಕ್ಯಾನಿಕ್ಕಿಗೆ ಕಂಡಿರಲಿಲ್ಲ, ಎಂಟು ವರ್ಷ ಪುಸ್ತಕ ಇಟ್ಟ ನನಗೂ ಕಂಡಿರಲಿಲ್ಲ.

"ಅತ್ತೆ, ಕೊರಳಲ್ಲಿರೋದನ್ನ ಯಾವ ಕಾಲಮ್ಮಿನಲ್ಲಿ ಬರೆದಿದ್ದೀರಿ?"

ಅತ್ತೆ ಕೆಳಗೆ ನೋಡಿಕೊಂಡರು. ನಾದಿನಿ, "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಎಂದು ನಗಲು ಹೋಗಿ, ನನ್ನ ಮುಖ ಕಂಡು ಚೀಲದ ಹಿಡಿಕೆ ಸರಿಮಾಡಿಕೊಂಡಳು.

"ಎಣಿಕೆಗೆ ಬರದ್ದು ಒಂದು ಸಿಕ್ಕಿದ್ರೆ ಪುಸ್ತಕ ಏನಾಗುತ್ತೆ?" ಎಂದು ಒಳಬಾಗಿಲಲ್ಲಿ ನಿಂತಿದ್ದ ಗಂಡನನ್ನು ಕೇಳಿದೆ.

ಅವನು ಮೇಜಿನ ಬಳಿ ಹೋದ. ಸ್ಕೇಲು ತೆಗೆದುಕೊಳ್ಳಲಿಲ್ಲ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೂ ಅಡ್ಡಗೆರೆ ಎಳೆದು ಸಹಿ ಹಾಕಿದ.

ಅತ್ತೆ ಮಗುವನ್ನು ಇನ್ನಷ್ಟು ಅವುಚಿಕೊಂಡರು. "ಹಾಗಾದ್ರೆ ನನ್ನಿಂದ ಕೂಸಿಗೆ ಅಪಾಯ ಅಂತೀಯಾ?"

"ಇಲ್ಲ ಅತ್ತೆ. ನಿಮ್ಮಿಂದಲೂ ಇಲ್ಲ."

ಆ 'ಲೂ' ಅವರಿಗೆ ತಾಗಿತು. ಲಾಡಿಯನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟರು. ಮಗುವನ್ನು ನನ್ನ ಕೈಗೆ ಕೊಟ್ಟರು. ಕ್ಷಮಿಸು ಎನ್ನಲಿಲ್ಲ, ನಾನೂ ಪರವಾಗಿಲ್ಲ ಎನ್ನಲಿಲ್ಲ. ಪರವಾಗಿಲ್ಲದೇ ಇದ್ದದ್ದನ್ನು ಪರವಾಗಿಲ್ಲ ಎನ್ನುವ ಸೊಸೆ ನಾನಲ್ಲ.

ಮಗಳ ಅಂಗಿತೋಳಿನ ಅಂಚಿನಲ್ಲಿ ಒಂದು ಎಳೆ ದಾರ ಬಿಟ್ಟುಕೊಂಡಿತ್ತು. ನಮ್ಮ ಕಾರ್ಖಾನೆಯದೇ ಅಂಗಿ. ಕೂತು, ಅವಳನ್ನು ಮಡಿಲಿಗೆ ಹಾಕಿಕೊಂಡು, ಆ ಪುಟ್ಟ ಕತ್ತರಿ ಎತ್ತಿಕೊಂಡೆ. ಯೋಚನೆ ಬಂತು. ಮೂವರೂ ನನ್ನ ಕೈಯನ್ನೇ ನೋಡುತ್ತಿದ್ದರು.

"ನೋಡ್ಬೇಡಿ. ಎಲ್ಲರೂ ಆಚೆ ಹೋಗಿ, ಬಾಗಿಲು ಹಾಕ್ಕೊಳ್ಳಿ" ಎಂದೆ.

ಹೋದರು. ನಾನು ದಾರ ಕತ್ತರಿಸಿದೆ.